ನಾಲ್ಕನೆಯ ಗಿರಾಕಿ

"ಓಡಿಸಿ ತೋರಿಸಿ, ಬ್ಯಾರಿ," ಎಂದಳು ಮಗ್ದಲೀನ್.

ಮೂಸಬ್ಬ ನಗಬೇಕೋ ಬೈಯಬೇಕೋ ತಿಳಿಯದೆ ಅವಳ ಮುಖ ನೋಡಿದ. ದುಬೈಯ ಕರಾಮದಲ್ಲಿ ಅವನ ಹಳೇ ಸಾಮಾನಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಇದ್ದದ್ದು ಅವರಿಬ್ಬರೇ. ಊರಿಗೆ ಹೊರಟ ಸಂಸಾರಗಳು ಬಿಟ್ಟುಹೋದ ಫ್ರಿಜ್ಜು, ತೊಟ್ಟಿಲು, ಕುಕ್ಕರುಗಳು ಗೋಡೆಯೆತ್ತರಕ್ಕೆ ಪೇರಿಸಿಕೊಂಡಿದ್ದವು. ನಡುವೆ ಟೇಬಲ್ಲಿನ ಮೇಲೆ, ಹರಿದ ಬನಿಯನ್ನಿನ ಮೇಲೆ, ಪಿಸ್ತೂಲು ಮಲಗಿತ್ತು.

"ಇದೆಂತ ಮಿಕ್ಸಿಯಾ ಬಾಯಮ್ಮ, ಪ್ಲಗ್ಗಿಗೆ ಹಾಕಿ ತಿರುಗಿಸ್ಲಿಕ್ಕೆ? ಇದು ಒಂದು ಸಲ ಕೂಗಿದ್ರೆ ಇಡೀ ಕರಾಮ ಓಡಿ ಬರ್ತದೆ. ಮತ್ತೆ ನಾನೂ ನೀವೂ ಖಲಾಸ್."

"ಮೊದಲು ಯಾರ ಕೈಯಲ್ಲಿತ್ತು? ಯಾಕೆ ಮಾರಿದ್ರು?"

ಹನ್ನೊಂದು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಹೊಲಿಗೆ ಯಂತ್ರ ಕೊಳ್ಳುವಾಗಲೂ ಅವಳು ಕೇಳಿದ್ದು ಇದನ್ನೇ. ಗಲ್ಫಿಗೆ ಬಂದ ಮೇಲೆ ಹೊಸದೆಂದು ಅವಳು ಕೊಂಡದ್ದು ಕಡಿಮೆ. ಬೇರೆಯವರು ಬಳಸಿದ್ದನ್ನು ಮನೆಗೆ ತರುವವರು ಅದರ ಜಾತಕ ಕೇಳಿಯೇ ತರಬೇಕು ಎಂಬುದು ಅವಳ ನೇಮ. ತಾನಿರುವ ಅಬುಧಾಬಿಯಲ್ಲಿ ಕೇಳಿದರೆ ಗೋಡೆಗೂ ಕಿವಿ ಎಂದು ಬೆಳಿಗ್ಗೆಯೇ ಬಸ್ಸು ಹತ್ತಿ ಎರಡು ಗಂಟೆ ಕುಳಿತು ದುಬೈಗೆ ಬಂದಿದ್ದಳು. ತಾನು ಹೊಲಿಯುವ, ಖಲೀಫಾ ಸಿಟಿಯ ಶಾಲಾ ಯೂನಿಫಾರ್ಮಿನ ಅಂಗಡಿಯಲ್ಲಿ "ಹಲ್ಲುನೋವು" ಎಂದು ರಜೆ ಹೇಳಿದ್ದಳು.

"ಯಾರದ್ದೋ ಕಬ್ಬಿಣದ ಕಪಾಟು ತಗೊಂಡೆ. ಅದರ ಅಡಿಯಲ್ಲಿ ಇತ್ತು," ಎಂದ ಮೂಸಬ್ಬ. "ನಾನು ಇದನ್ನು ಮೂರು ಸಲ ಮಾರಿದ್ದೇನೆ. ಮೂರು ಸಲವೂ ವಾಪಸ್ ಬಂತು."

"ಹಾಳಾಗಿದೆಯಾ?"

"ತಗೊಂಡವರೇ ಹಾಳಾಗಿದ್ರು. ಕಣ್ಣಲ್ಲಿ ಬೆಂಕಿ ಇಟ್ಕೊಂಡು ಬಂದಿದ್ರು, ನಿಮ್ಮ ಹಾಗೆ. ಒಂದು ವಾರ ದಿಂಬಿನ ಅಡಿಯಲ್ಲಿ ಇಟ್ಟು ನಿದ್ದೆ ಕೆಟ್ಟ ಮೇಲೆ ತಂದು ಕೊಟ್ರು."

ಮಗ್ದಲೀನ್ ಕನ್ನಡಕ ಏರಿಸಿ ಬಗ್ಗಿದಳು. ಬಾಬಿನ್ ಸಿಕ್ಕಿಕೊಂಡ ಯಂತ್ರವನ್ನು ನೋಡುವ ಹಾಗೆ ಅತ್ತಿಂದಿತ್ತ ಹೊರಳಿಸಿದಳು, ಹಿಂಬದಿಗೆ ಉಗುರು ತಾಗಿಸಿದಳು. 

"ತೂತು ಉಂಟು, ಗುಂಡಿಗೆ ಕುಟ್ಟುವ ಸೂಜಿ ಇಲ್ಲ," ಎಂದಳು. "ಸೂಜಿ ಇಲ್ಲದ ಮಿಶಿನು ಹೊಲಿಯುವುದಿಲ್ಲ ಬ್ಯಾರಿ. ಇದು ಹೊಡೆಯುವುದೂ ಇಲ್ಲ."

ಮೂಸಬ್ಬ ಸ್ಟೂಲಿನ ಮೇಲೆ ಕುಕ್ಕರಿಸಿದ. "ಮೂರು ಗಂಡಸರು ತಗೊಂಡು ಹೋದ್ರು. ಒಬ್ಬನಾದ್ರೂ ನೋಡ್ಲಿಲ್ಲ. ನಾನೇ ತೆಗೆದು ಬಿಸಾಡಿದ್ದು. ನನಗೂ ಮಕ್ಕಳಿದ್ದಾರೆ." ಆಮೇಲೆ ಮೆಲ್ಲಗೆ ಕೇಳಿದ. "ರುಡೊಲ್ಫನಿಗಾ?"

ಅವಳು ಪಿಸ್ತೂಲನ್ನು ಮತ್ತೆ ಬನಿಯನ್ನಿನ ಮೇಲಿಟ್ಟಳು. ಅವಳ ಮಗನ ಸಾವಿನ ಸುದ್ದಿ ಕರಾವಳಿಯವರಿರುವ ಕಡೆಯೆಲ್ಲ ತಲುಪಿತ್ತು. ಮೂರು ವರ್ಷದ ಹಿಂದೆ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರ ಲಾಂಡ್ರಿಯಲ್ಲಿ ಅವಳ ಮಗ ಡ್ಯಾನಿಯಲ್ ಚಾದರಗಳಿಗೆ ಇಸ್ತ್ರಿ ಹಾಕುವ ಹಬೆಯ ಯಂತ್ರ ನಡೆಸುತ್ತಿದ್ದ. ವಾಲ್ವ್ ಸರಿಯಿಲ್ಲವೆಂದು ಮೇಲ್ವಿಚಾರಕ ರುಡೊಲ್ಫನಿಗೆ ಮೂರು ಸಲ ಹೇಳಿದ್ದ. "ಯಲ್ಲಾ, ನಡಿ, ಇವತ್ತೊಂದು ದಿನ ಓಡಿಸು" ಎಂದಿದ್ದ ಅವನು. ಅದೇ ದಿನ ವಾಲ್ವ್ ಹಾರಿತು. ಡ್ಯಾನಿಯಲ್ ಆಸ್ಪತ್ರೆಯಲ್ಲಿ ನಾಲ್ಕು ದಿನ ಬದುಕಿದ್ದ. ಹುಡುಗ ಕುಡಿದಿದ್ದ, ತಾನೇ ತಪ್ಪು ಗುಂಡಿ ಒತ್ತಿದ ಎಂದು ರುಡೊಲ್ಫ್ ಬರೆದುಕೊಟ್ಟ. ಕುಡಿದೇ ಸತ್ತ ಅಪ್ಪನ ಶವದ ಮುಂದೆ, ಜನ್ಮದಲ್ಲಿ ಮುಟ್ಟುವುದಿಲ್ಲವೆಂದು ಆಣೆ ಹಾಕಿದ ಹುಡುಗ. ಆದರೂ ಜನ ನಂಬಿದರು. ಅಪ್ಪನ ಮಗನಲ್ಲವೇ ಎಂದರು.

ರುಡೊಲ್ಫ್ ಈಗ ಚರ್ಚಿನ ಶುಕ್ರವಾರದ ಕೊಂಕಣಿ ಪೂಜೆಯಲ್ಲಿ ಮೈಕಿನ ಮುಂದೆ ನಿಲ್ಲುವವನು. ಸತ್ತವರ ತಿಂಗಳಾದ ನವೆಂಬರಿನಲ್ಲಿ ಮನೆಮನೆಯವರು ಬರೆದುಕೊಟ್ಟ ಹೆಸರುಗಳನ್ನು ಓದುವವನೂ ಅವನೇ. ಎರಡು ವರ್ಷ ಅವಳು ಡ್ಯಾನಿಯಲ್ಲನ ಹೆಸರು ಬರೆದುಕೊಟ್ಟಿದ್ದಳು. ಎರಡು ವರ್ಷವೂ ಅವಳ ಚೀಟಿ ಕಳೆದುಹೋಗಿತ್ತು.

"ನನಗೆ ಇದೇ ಸಾಕು," ಎಂದಳು ಮಗ್ದಲೀನ್. "ಸೂಜಿ ಇಲ್ಲ ಅಂತ ನನಗೆ ಗೊತ್ತು. ಅವನಿಗೆ ಗೊತ್ತಿಲ್ಲವಲ್ಲ."

ಚಿನ್ನದ ಬಳೆ ಬಿಚ್ಚಲು ಹೋದವಳನ್ನು ಮೂಸಬ್ಬ ತಡೆದ. "ಬಳೆ ಕೈಯಲ್ಲೇ ಇರ್ಲಿ. ನಾಲ್ಕನೇ ಸಲ ವಾಪಸ್ ತಂದು ಕೊಡಿ, ಅದೇ ಕ್ರಯ." ಅವಳು ಕೈ ಚಾಚಿದಾಗ ಪಿಸ್ತೂಲನ್ನು ಕೈಗೆ ಕೊಡಲಿಲ್ಲ, ಬನಿಯನ್ನಿನ ಸಮೇತ ಅವಳತ್ತ ಸರಿಸಿದ. "ಕತ್ತಿ, ಮೆಣಸು, ಇಂಥದ್ದೆಲ್ಲ ಕೈಯಿಂದ ಕೈಗೆ ಕೊಡ್ಲಿಕ್ಕಿಲ್ಲ. ಹಗೆ ದಾಟ್ತದೆ ಅಂತ ನನ್ನ ಉಮ್ಮ ಹೇಳ್ತಿದ್ರು."

"ದಾಟಲಿ," ಎಂದಳು ಅವಳು.

ಅಕ್ಟೋಬರಿನ ಕೊನೆಯ ಶುಕ್ರವಾರ ಮಗ್ದಲೀನ್ ಇಗರ್ಜಿಯಲ್ಲಿ ರುಡೊಲ್ಫನ ಬೆನ್ನ ಹಿಂದಿನ ಬೆಂಚಿನಲ್ಲಿ ಕುಳಿತಳು. ತೊಡೆಯ ಮೇಲೆ ತಾನೇ ಹೊಲಿದ ಬಟ್ಟೆಯ ಚೀಲ. ಪಾದ್ರಿಗಳು ಪರಸ್ಪರ ಶಾಂತಿ ಕೋರಿರಿ ಎಂದಾಗ ಜನ ಅಕ್ಕಪಕ್ಕ ತಿರುಗಿ ಕೈ ಕುಲುಕತೊಡಗಿದರು. ರುಡೊಲ್ಫನೂ ತಿರುಗಿದ. ಅವಳನ್ನು ಕಂಡು ನಗು ಅರ್ಧಕ್ಕೇ ನಿಂತರೂ, ನಾಲ್ಕು ಜನ ನೋಡುತ್ತಿದ್ದಾರೆಂದು ಕೈ ನೀಡಿದ.

"ಶಾಂತಿ, ಮಗ್ದಲೀನ್‌ಬಾಯ್."

ಅವಳು ಆ ಕೈಯನ್ನು ಹಿಡಿದು, ಸಣ್ಣ ಮಗುವಿನ ಕೈ ಹಿಡಿಯುವ ಹಾಗೆ ಮೆಲ್ಲಗೆ ಚೀಲದೊಳಗೆ ಎಳೆದುಕೊಂಡಳು. ಬೆರಳುಗಳಿಗೆ ತಣ್ಣನೆಯ ಕೊಳವೆ ತಾಗಿತು. ಪಿಸ್ತೂಲಿನ ಕುದುರೆ ತಾಗಿತು. ಅವನಿಗೆ ಗುರುತು ಸಿಕ್ಕ ಗಳಿಗೆ ಅವಳ ಅಂಗೈಗೇ ತಿಳಿಯಿತು. ಅವನು ಕೈ ಹಿಂದಕ್ಕೆಳೆದ, ಅವಳು ಬಿಡಲಿಲ್ಲ.

"ಮುಂದಿನ ವಾರ ಹೆಸರು ಓದ್ಲಿಕ್ಕುಂಟಲ್ಲ, ರುಡೊಲ್ಫಾಬ್," ಎಂದಳು, ಪಕ್ಕದವರಿಗೆ ಕೇಳದಷ್ಟು ಸಣ್ಣಗೆ. "ನನ್ನ ಚೀಟಿ ಕಳೆಯಬಾರದು. ಅವನು ಕುಡಿದಿರಲಿಲ್ಲ ಅಂತಲೂ ಸೇರಿಸಿ ಓದಿ. ಪೊಲೀಸರಿಗೆ ಹೇಳ್ತೀರಾದ್ರೆ ಹೇಳಿ. ಇದನ್ನು ಯಾಕೆ ತಂದದ್ದು ಅಂತ ಅವರು ನನ್ನನ್ನು ಕೇಳ್ತಾರೆ. ನಾನು ಮೊದಲಿನಿಂದ ಹೇಳ್ತೇನೆ, ವಾಲ್ವಿನಿಂದ."

ಮರುದಿನವೇ ದುಬೈಗೆ ಹೋಗಿ ಬನಿಯನ್ನಿನ ಗಂಟನ್ನು ಮೂಸಬ್ಬನ ಟೇಬಲ್ಲಿನ ಮೇಲಿಟ್ಟಳು.

"ಆಯ್ತಾ ಬಾಯಮ್ಮ?"

"ಇನ್ನೂ ಇಲ್ಲ."

"ನಿದ್ದೆ?"

"ನನಗೆ ಬಂತು," ಎಂದಳು ಮಗ್ದಲೀನ್. ಮೂರು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಯ ಒಂದು ಮೂಲೆ ನಕ್ಕಿತು.

ನವೆಂಬರಿನ ಮೊದಲ ಶುಕ್ರವಾರ ಇಗರ್ಜಿ ತುಂಬಿ, ಜನ ಬಾಗಿಲಾಚೆ ಅಂಗಳದಲ್ಲೂ ನಿಂತಿದ್ದರು. ಮಗ್ದಲೀನ್ ಎದುರಿನ ಸಾಲಿನಲ್ಲಿದ್ದಳು, ತೊಡೆಯ ಮೇಲೆ ಅದೇ ಚೀಲ. ರುಡೊಲ್ಫ್ ಒಂದು ವಾರದಲ್ಲೇ ಇಳಿದುಹೋಗಿದ್ದ. ಅಂಗಿಯ ಕಾಲರಿನೊಳಗೆ ಇನ್ನೆರಡು ಬೆರಳು ಹಿಡಿಸುವಷ್ಟು ಜಾಗ ಬಿದ್ದಿರುವುದನ್ನು ಅವಳ ಹೊಲಿಗೆಯ ಕಣ್ಣು ಅಳೆಯಿತು. ಅವನು ಓದತೊಡಗಿದ. ಸಲ್ದಾನ್ಹರ ಮನೆಯವರು, ಲೋಬೊರ ಮನೆಯವರು, ಊರಿನಲ್ಲಿ ತೀರಿದ ಅಜ್ಜಿಯರು. ಒಂದು ಚೀಟಿಯ ಬಳಿ ದನಿ ನಿಂತಿತು. ಅದನ್ನು ಅಡಿಗೆ ಸರಿಸಲು ಹೆಬ್ಬೆರಳು ಹೊರಟಿತ್ತು.

ಮಗ್ದಲೀನ್ ಚೀಲದೊಳಗೆ ಕೈ ಹಾಕಿದಳು.

"ಡ್ಯಾನಿಯಲ್," ಎಂದ ರುಡೊಲ್ಫ್. ಮೈಕು ಅವನ ಉಸಿರನ್ನು ಅಂಗಳದವರೆಗೂ ಒಯ್ದಿತು. "ಡ್ಯಾನಿಯಲ್... ಅವನು ಆ ದಿನ ಕುಡಿದಿರಲಿಲ್ಲ. ಮಿಶಿನು ಹಾಳಾಗಿತ್ತು. ನನಗೆ ಹೇಳಿದ್ದ."

 ಯಾರದೋ ಮಗು "ವಾಟ್ ಹ್ಯಾಪನ್ಡ್, ಮಮ್ಮಿ?" ಎಂದಿತು. ತಾಯಿ ಅದರ ಬಾಯಿ ಮುಚ್ಚಿದಳು.

ರುಡೊಲ್ಫ್ ಕಣ್ಣೆತ್ತಿ ಎದುರಿನ ಸಾಲನ್ನು ನೋಡಿದ. ಚೀಲದೊಳಗೆ ಮಗ್ದಲೀನಳ ಬೆರಳುಗಳು ಸೂಜಿಯ ಡಬ್ಬಿಯೊಂದನ್ನು ಬಿಗಿಯಾಗಿ ಹಿಡಿದಿದ್ದವು. ಅವನ ಕೈಯಲ್ಲಿ ಇನ್ನೂ ನಲವತ್ತು ಹೆಸರುಗಳಿದ್ದವು. ಅವನು ಮುಂದಿನದನ್ನು ಓದಿದ, ಅದರ ಮುಂದಿನದನ್ನು ಓದಿದ. ಅವಳು ಕೈ ಹೊರಗೆ ತೆಗೆಯಲಿಲ್ಲ.