ಬೋರ್ಡ್ ಕಾಣದ ಪಾಠ

"ಬೋರ್ಡ್ ಎಲ್ಲಯ್ಯಾ? ನಾನು ಬರ್ದಿದ್ದು ಎಲ್ಲಿ ಅಂತ ಕೇಳ್ತಿದೀನಿ!"

ವೆಂಕಟರಮಣ ಮೇಷ್ಟ್ರು ನನ್ನ ಸ್ಟುಡಿಯೋದ ಟೀವಿ ಗಾಜಿಗೆ ಬೆರಳು ಕುಟ್ಟುತ್ತಿದ್ದರು. ನಾನು ಮೂರು ದಿನ ತೆಗೆದ ಅವರ ಪಾಠದಲ್ಲಿ ಬರೀ ಹುಡುಗ ಹುಡುಗಿಯರ ಮುಖಗಳು.

"ಮಕ್ಕಳು ಕಾಣ್ತಿಲ್ವಾ ಸಾರ್? ಒಬ್ರನ್ನೂ ಬಿಟ್ಟಿಲ್ಲ."

"ಇದೇನ್ ಮದುವೆ ಊಟವೇನಯ್ಯಾ ಕದಿರೇಶ, ಪಂಕ್ತಿ ತೋರ್ಸೋಕೆ?"

"ಬರೀ ಗೋಡೆ ನೋಡೋಕೆ ಯಾರ್ ಬರ್ತಾರೆ? ನನ್ನ ಕೆಲ್ಸ ನಂಗೆ ಹೇಳ್ಕೊಡ್ಬೇಡಿ!"

ತಪ್ಪು ನನ್ನದೇ. ಮುಳಬಾಗಿಲಿನಲ್ಲಿ ಹದಿನೈದು ವರ್ಷದಿಂದ ಮದುವೆ ವಿಡಿಯೋ ತೆಗೆಯುತ್ತಿದ್ದೆ. ಊಟದ ಪಂಕ್ತಿಯಲ್ಲಿ ಒಬ್ಬ ಚಿಕ್ಕಪ್ಪ ಬಿಟ್ಟುಹೋದರೂ ಮಾರನೇ ದಿನ ಅಂಗಡಿಗೇ ಬಂದು ಜಗಳವಾಡುತ್ತಿದ್ದರು. ಕ್ಲಾಸಿನಲ್ಲೂ ಹಾಗೇ ಬೆಂಚಿನಿಂದ ಬೆಂಚಿಗೆ ಕ್ಯಾಮೆರಾ ತಿರುಗಿಸಿದ್ದೆ.

ಅದು 2008. ಮೇಷ್ಟ್ರು ಜೂನಿಯರ್ ಕಾಲೇಜಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ಮಾರ್ಚಿಗೆ ನಿವೃತ್ತರಾಗುವವರಿದ್ದರು. ಅಪ್ಪನ ಪಾಠವನ್ನು ಇಂಟರ್ನೆಟ್ಟಿಗೆ ಹಾಕೋಣ, ಟ್ಯೂಷನ್ನಿಗೆ ಬರಲಾಗದ ಹಳ್ಳಿ ಮಕ್ಕಳು ಸೈಬರ್ ಸೆಂಟರಿನಲ್ಲಿ ಪುಕ್ಕಟೆ ನೋಡಲಿ ಎಂದು ಮಗಳು ವಿಭಾ ಹಟ ಹಿಡಿದಿದ್ದಳು. ಹತ್ತತ್ತು ನಿಮಿಷದ ತುಂಡು ಮಾಡಿಕೊಡುವ ಕೆಲಸ ನನ್ನದು.

ಆ ಮೂರು ದಿನ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊಬ್ಬರಿ ಎಣ್ಣೆ ಹಚ್ಚಿ ಬಿಗಿದ ಜಡೆಗಳು, ಕಿಟಕಿ ಸರಳಿಗೆ ನೇತುಹಾಕಿದ ಊಟದ ಚೀಲಗಳು. ಮೇಷ್ಟ್ರು ಪ್ರಶ್ನೆ ಕೇಳಿ ಒಂದೊಂದೇ ಮುಖ ನೋಡುತ್ತಿದ್ದರು. ಒಂದು ಮುಖ ಸಪ್ಪಗಾದರೆ ಸಾಕು, ಮಕ್ಕಳ ಮನೆಮಾತು ತೆಲುಗಿಗೆ ಇಳಿದುಬಿಡುತ್ತಿದ್ದರು. "ಅರ್ಥಂ ಕಾಲೇದಾ ಸುನಂದಾ? ಮಳ್ಳೀ ಚೆಪ್ತಾನು" ಎಂದು ಮತ್ತೆ ಮೊದಲಿಂದ ಶುರು. ಇಡೀ ಕ್ಲಾಸು ನಗುತ್ತಿತ್ತು. ತಾಯಲೂರಿನ ಶಾಲೆಯಲ್ಲಿ ನನಗೆ ಲೆಕ್ಕ ಎಂದರೆ ಬೆತ್ತದ ಏಟು. ಕ್ಯಾಮೆರಾ ಹೊತ್ತು ನಿಂತಲ್ಲಿ ಜೀವನದಲ್ಲಿ ಮೊದಲ ಸಲ ಒಂದು ಲೆಕ್ಕ ಅರ್ಥವಾಯಿತು. ಯಾರಿಗೂ ಹೇಳಲಿಲ್ಲ.

ಜಗಳ ಆರುವಷ್ಟರಲ್ಲಿ ಪರೀಕ್ಷೆ ಬಂತು, ಮಕ್ಕಳು ಹೋದರು, ಮೇಷ್ಟ್ರ ಕೆಲಸವೂ ಮುಗಿಯಿತು. ವಿಭಾ ಪ್ರಿನ್ಸಿಪಾಲರನ್ನು ಕಾಡಿ ಒಂದು ಬೆಳಿಗ್ಗೆಗೆ ಕ್ಲಾಸಿನ ಬೀಗದ ಕೈ ಇಸಿದುಕೊಂಡಳು. ಇನ್ನೊಂದು ಅವಕಾಶ ಸಿಗುವುದಿಲ್ಲ ಎಂದು ನಮ್ಮಿಬ್ಬರಿಗೂ ಹೇಳಿ ಕಳಿಸಿದಳು.

ಈ ಸಲ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಬೋರ್ಡ್ ಪೂರ್ತಿ ಕಾಣುವಂತೆ ಇಟ್ಟೆ. ಮೇಷ್ಟ್ರು ಬರೆದರು, ತಿರುಗಿದರು, ಪ್ರಶ್ನೆ ಕೇಳಿದರು. ಖಾಲಿ ಬೆಂಚುಗಳನ್ನು ನೋಡಿ ಮಾತು ನಿಲ್ಲಿಸಿದರು. ಒರೆಸಿ ಮತ್ತೆ ಬರೆದರು. ಮೂರು ಸಲ ಹೀಗೇ ಆಯಿತು.

"ಆಗ್ತಿಲ್ಲ ಕಣಯ್ಯಾ. ಕ್ಯಾಮೆರಾ ಅದರ ಪಾಡಿಗೆ ಓಡ್ಲಿ. ನೀನ್ ಬಂದು ಮುಂದಿನ ಬೆಂಚಲ್ಲಿ ಕೂತ್ಕೋ. ನಿನ್ನ ಮುಖ ನೋಡ್ಕೊಂಡು ಹೇಳ್ತೀನಿ."

ಕೂರಬಹುದಿತ್ತು. ಆದರೆ ನನಗೆ ಮೈಯೆಲ್ಲ ಉರಿಯಿತು.

"ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡ್ದೋನ್ನ ಕೂರ್ಸಿ ಆಟ ಆಡಿಸ್ತೀರಾ ಸಾರ್? ಮೂವತ್ತು ವರ್ಷ ಹೇಳಿದ್ದೇ ಹೇಳಿದ್ದೀರಿ, ಗೋಡೆಗೆ ಹೇಳೋಕೇನು ಕಷ್ಟ? ಬೇಗ ಮುಗ್ಸಿ, ನಂಗೆ ಶ್ರೀನಿವಾಸಪುರದಲ್ಲಿ ನಾಮಕರಣ ಇದೆ."

ಮೇಷ್ಟ್ರು ನನ್ನನ್ನೇ ನೋಡಿದರು. ಸ್ಟುಡಿಯೋದಲ್ಲಿ ಕಂಡ ಸಿಟ್ಟು ಆ ಮುಖದಲ್ಲಿ ಇರಲಿಲ್ಲ. ಬರೆದಿದ್ದನ್ನೆಲ್ಲ ನಿಧಾನಕ್ಕೆ ಒರೆಸಿ, ಕೈ ಕೊಡವಿಕೊಂಡರು.

"ನೀರು ಕುಡ್ದು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿ ಹೊರಟರು.

ಹತ್ತು ನಿಮಿಷ ನಿಂತೇ ಕಾದೆ. ಆಮೇಲೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ಬಂದರೆ ಕೂತೇ ಇರೋಣ, ಏನು ಕೇಳಿದರೂ ತಿಳಿದಷ್ಟು ಹೇಳೋಣ ಅಂದುಕೊಂಡೆ. ಮುಕ್ಕಾಲು ಗಂಟೆಯಾಯಿತು. ಎದ್ದು ಹೊರಗೆ ಹೋಗಿ ನೋಡಿದೆ. ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಬೇವಿನ ಮರಕ್ಕೆ ಒರಗಿಸಿದ್ದ ಅವರ ಸೈಕಲ್ಲೂ ಇರಲಿಲ್ಲ.