ಅಂತ ಇಟ್ಟುಕೊಳ್ಳೋಣ

ಗೇಟಿನ ಹತ್ತಿರ ಸೆಕ್ಯೂರಿಟಿಯವನು ಈಶ್ವರಮ್ಮನ ಚೀಲ ಬಿಚ್ಚಿಸುತ್ತಿದ್ದ. ಸೊಪ್ಪು ತೆಗೆದುಕೊಂಡು ಒಳಗೆ ಬರುತ್ತಿದ್ದ ಹೇಮಲತಾ ಅಲ್ಲೇ ನಿಂತಳು. ಊಟದ ಡಬ್ಬಿ, ಬಾಚಣಿಗೆ, ಎಲೆಅಡಿಕೆಯ ಸಂಚಿ, ಕೈ ಒರೆಸುವ ಹಳೆ ಸೀರೆಯ ತುಂಡು, ಎಲ್ಲ ಒಂದೊಂದಾಗಿ ಹೊರಗೆ ಬಂದು ಮೇಜಿನ ಮೇಲೆ ಕೂತವು. ಹಿಂದೆ ಕಂಪನಿಯ ಕ್ಯಾಬುಗಳು ಹಾರ್ನ್ ಹೊಡೆಯುತ್ತಿದ್ದವು. ಈಶ್ವರಮ್ಮ ಪಕ್ಕದ ಹೂಡಿ ಊರಿನವಳೇ; ವರ್ಷಗಳಿಂದ ಹೇಮಲತಾಳ ಮನೆಯೂ ಸೇರಿ ಈ ಅಪಾರ್ಟ್‌ಮೆಂಟಿನ ನಾಲ್ಕಾರು ಮನೆಗಳಿಗೆ ಅಡುಗೆಗೆ ಬರುತ್ತಾಳೆ. ದಿನಾ ಬೆಳಿಗ್ಗೆ "ಏನಮ್ಮಾ ಇವತ್ತು ತಿಂಡಿ" ಎಂದು ಅವಳನ್ನು ರೇಗಿಸುತ್ತಿದ್ದ ಅದೇ ಮನುಷ್ಯ ಇವತ್ತು ಅವಳ ಮುಖ ನೋಡದೆ ಡಬ್ಬಿಯ ಮುಚ್ಚಳ ತೆಗೆದು ಇಣುಕುತ್ತಿದ್ದ.

ಯಾಕಪ್ಪಾ ಇದು ಎಂದು ಹೇಮಲತಾ ಕೇಳಿದ್ದಕ್ಕೆ ಅವನು ಅಸೋಸಿಯೇಷನ್ ಆರ್ಡರ್ ಮೇಡಂ, ಬರುವಾಗಲೂ ಹೋಗುವಾಗಲೂ ನೋಡಬೇಕು ಎಂದ. ಎಲ್ಲರದೂ ನೋಡುತ್ತೀರಾ ಎಂದರೆ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ. ಈಶ್ವರಮ್ಮ ಒಂದೊಂದನ್ನೂ ಚೀಲಕ್ಕೆ ತುಂಬಿಕೊಂಡು, ಹೇಮಲತಾಳ ಕಡೆ ತಿರುಗದೆ ಲಿಫ್ಟಿನತ್ತ ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ಹೊತ್ತಿನಲ್ಲಿ ಹೆಗಲು ಮುಟ್ಟಿ ನೋಡಿಕೊಂಡವಳು ಚೀಲದವಳಲ್ಲ, ಸೊಪ್ಪು ಹಿಡಿದುಕೊಂಡು ನಿಂತಿದ್ದ ಹೇಮಲತಾ. ಇದಕ್ಕೆಲ್ಲ ಕಾರಣ ತಾನು ಎಂಬುದು ಅವಳಿಗೆ ಆ ಕ್ಷಣವೇ ಗೊತ್ತಾಯಿತು.

ಹೇಮಲತಾ ದಾವಣಗೆರೆಯ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದವಳು. ಗಂಡ ಕೊಟ್ರೇಶನಿಗೆ ವೈಟ್‌ಫೀಲ್ಡಿನಲ್ಲಿ ಕೆಲಸವಾದ ಮೇಲೆ ಇಲ್ಲಿಗೆ ಬಂದಳು. ಈ ಕಡೆ ಕೋಡಿಂಗ್ ಕಲಿಸುವವರಿಗೆ ಗಲ್ಲಿಗೊಂದು ಬೋರ್ಡು ಉಂಟು, ತತ್ವಶಾಸ್ತ್ರದವರನ್ನು ಕರೆಯುವವರು ಯಾರು? ಸುಮ್ಮನೆ ಕೂತು ಸಾಕಾಗಿ, ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಮಕ್ಕಳಿಗೆ ಯೋಚನೆ ಮಾಡುವುದನ್ನು ಕಲಿಸುವ ತರಗತಿ ಶುರು ಮಾಡಿದಳು. ಮೊದಮೊದಲು ತಂದೆ ತಾಯಂದಿರು ಒಂದು ಗಂಟೆ ಮನೆ ತಣ್ಣಗಿರುತ್ತದಲ್ಲ ಎಂದು ಮಕ್ಕಳನ್ನು ಅಟ್ಟಿದರು. ಆಮೇಲೆ, ಹಲ್ಲುಜ್ಜು ಎಂದರೆ ನನ್ನ ಮಗ ಸ್ವಾತಂತ್ರ್ಯ ಅಂದರೇನು ಅಂತ ಕೇಳ್ತಾನೆ ಕಣ್ರೀ ಎಂದು ಲಿಫ್ಟಿನಲ್ಲಿ ಕೊಚ್ಚಿಕೊಳ್ಳತೊಡಗಿದರು. ಹೇಮಲತಾಳಿಗೆ ಹೋದ ಜೀವ ಬಂದಂತಾಗಿತ್ತು.

ಹದಿನೈದು ದಿನದ ಹಿಂದಿನ ತರಗತಿಯಲ್ಲಿ ವಿಷಯ ಸರಿ ತಪ್ಪು. ಉದಾಹರಣೆ ಮಕ್ಕಳಿಗೆ ಹತ್ತಿರದ್ದಾಗಿರಬೇಕು, ಇಲ್ಲದಿದ್ದರೆ ಯೋಚನೆ ನೆಲ ಮುಟ್ಟುವುದಿಲ್ಲ ಎಂಬುದು ಅವಳ ನಂಬಿಕೆ. ಹಾಗಾಗಿ ಹೇಳಿದಳು: ಈಶ್ವರಮ್ಮ ಅಂತ ಇದ್ದಾರಲ್ಲ, ಅವರ ಮೊಮ್ಮಗುವಿಗೆ ಜೋರು ಜ್ವರ ಬಂದಿದೆ ಅಂತ ಇಟ್ಟುಕೊಳ್ಳೋಣ. ಅಂಗಡಿ ಮುಚ್ಚಿವೆ. ನಮ್ಮ ಮನೆಯ ಬೀಗದ ಕೈ ಅವರ ಹತ್ತಿರ ಇದೆ, ನಾವು ಊರಿನಲ್ಲಿಲ್ಲ. ಅವರು ಬಂದು ಜ್ವರದ ಸಿರಪ್ ಬಾಟಲಿ ಕೇಳದೆ ತೆಗೆದುಕೊಂಡು ಹೋದರು ಅಂತ ಇಟ್ಟುಕೊಳ್ಳೋಣ. ಅದು ಕಳ್ಳತನವೋ ಅಲ್ಲವೋ? ಮಕ್ಕಳು ಜಗಳವಾಡಿದರು, ಕೈ ಎತ್ತಿದರು, ಎತ್ತಿದ ಕೈ ಇಳಿಸಿದರು. ಅಂಥ ಜೀವಂತ ತರಗತಿ ಕಾಲೇಜಿನಲ್ಲೂ ಆಗಿರಲಿಲ್ಲ ಎಂದು ಹೇಮಲತಾ ಇಡೀ ದಿನ ಖುಷಿಯಲ್ಲಿದ್ದಳು.

ಮಕ್ಕಳು ಮನೆಗೆ ಹೋಗುವಾಗ 'ಅಂತ ಇಟ್ಟುಕೊಳ್ಳೋಣ' ಎಂಬುದನ್ನು ಕ್ಲಬ್‌ಹೌಸಿನಲ್ಲೇ ಬಿಟ್ಟು ಹೋದವು. ಉಳಿದದ್ದನ್ನು ಊಟದ ಮೇಜಿಗೆ ಒಯ್ದವು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲಿ ಬರ? ಎರಡು ದಿನ ಬಿಟ್ಟು ಎದುರು ಮನೆಯ ವೇಣಿ, ತರಗತಿಗೆ ಬರುತ್ತಿದ್ದ ಲಿಖಿತನ ತಾಯಿ, ಲಿಫ್ಟಿನ ಬಳಿ ಹೇಮಲತಾಳನ್ನು ಹಿಡಿದು ನಿಲ್ಲಿಸಿ, ಈಶ್ವರಮ್ಮ ನಿಮ್ಮನೇಲಿ ಔಷಧಿ ಕದ್ದಳಂತಲ್ಲ ಎಂದಳು. ಈಶ್ವರಮ್ಮ ಅವಳ ಮನೆಗೂ ಅಡುಗೆಗೆ ಹೋಗುತ್ತಿದ್ದಳು.

ಅದು ಬರೀ ಉದಾಹರಣೆ ಎಂದು ಹೇಮಲತಾ ನಕ್ಕಳು. ವೇಣಿ ನಗಲಿಲ್ಲ.

"ಬೆಂಕಿ ಇಲ್ದೆ ಹೊಗೆ ಬರುತ್ತಾ ಹೇಮಾ? ನಿಮ್ಮನೇಲಿ ಏನೂ ಹೋಗಿಲ್ಲ ಅಂತ ಖಂಡಿತ ಹೇಳ್ತೀರಾ?"

ಇಲ್ಲಿ ಹೌದು ಎಂಬ ಎರಡಕ್ಷರ ಸಾಕಿತ್ತು. ದಾರಿಯಲ್ಲಿ ಹೋಗುವ ಯಾರಾದರೂ ಹೇಳುತ್ತಿದ್ದರು. ಆದರೆ ಹೇಮಲತಾ ಯಾವ ಮಾತನ್ನೂ ತೂಗದೆ ಆಡಬಾರದೆಂದು ಇಷ್ಟು ವರ್ಷ ಪಾಠ ಹೇಳಿದವಳು. "ಖಂಡಿತ ಅಂತ ಯಾವುದನ್ನ ಹೇಳೋಕಾಗುತ್ತೆ ವೇಣಿ? ನಂಗೆ ಗೊತ್ತಿರೋ ಮಟ್ಟಿಗೆ ಏನೂ ಹೋಗಿಲ್ಲ" ಎಂದಳು. ಲಿಫ್ಟ್ ಬಂತು, ಹತ್ತಿ ಹೋದಳು. ವೇಣಿಗೆ ಬೇಕಾದದ್ದು ಸಿಕ್ಕಿತ್ತು. ಶನಿವಾರದ ಅಸೋಸಿಯೇಷನ್ ಸಭೆಯಲ್ಲಿ ಮೇಡಮ್ಮೇ ಖಂಡಿತ ಹೇಳಕ್ಕಾಗಲ್ಲ ಅಂದರು ಎಂಬ ಮಾತು ಎದ್ದಿತು. ಆ ಸಭೆಗೆ ಹೇಮಲತಾ ಹೋಗಿರಲೂ ಇಲ್ಲ.

ಸೊಪ್ಪು ಒಳಗಿಟ್ಟು ಅಡುಗೆಮನೆಗೆ ಹೋದರೆ ಈಶ್ವರಮ್ಮ ಜೋಳದ ಹಿಟ್ಟು ನಾದುತ್ತಿದ್ದಳು. ಮುದ್ದೆ ತೊಳಸುವ ಕೈಗೆ ರೊಟ್ಟಿ ತಟ್ಟುವುದನ್ನು ಕಲಿಸಿದವಳು ಹೇಮಲತಾಳೇ. ಈಗ ಆ ರೊಟ್ಟಿ ತನ್ನ ತಾಯಿ ಮಾಡುವುದಕ್ಕಿಂತ ತೆಳ್ಳಗೆ ಬರುತ್ತದೆ ಎಂದು ಕೊಟ್ರೇಶ್ ಕದ್ದು ಹೇಳುತ್ತಿದ್ದ. ಈಶ್ವರಮ್ಮ ತಿರುಗದೆಯೇ ಮಾತಾಡಿದಳು. ಎರಡು ಮನೆಯವರು, ವೇಣಿ ಮತ್ತು ಅವಳ ಪಕ್ಕದ ಮನೆಯವರು, ನಾಳೆಯಿಂದ ಬೇಡ ಎಂದಿದ್ದಾರೆ. ಒಬ್ಬರು ನೆಂಟರು ಬರುತ್ತಾರೆ ಎಂದರು, ಇನ್ನೊಬ್ಬರು ಏನೂ ಹೇಳಲಿಲ್ಲ. ಅವಳ ಸೊಸೆಯ ತಾಯಿ ಸಿ ಬ್ಲಾಕಿನಲ್ಲಿ ಮಗು ನೋಡಿಕೊಳ್ಳುತ್ತಾಳೆ, ಆ ಕಡೆಯಿಂದ ಸುದ್ದಿ ಆಗಲೇ ಊರಿಗೆ ಹೋಗಿ ತಲುಪಿದೆ. ನಿನ್ನೆ ನೀರಿನ ನಲ್ಲಿಯ ಹತ್ತಿರ ಓರಗಿತ್ತಿಯೇ ಏನಂತೆ ವಿಷಯ ಎಂದು ಕೇಳಿದಳಂತೆ.

ಹೇಮಲತಾ ಬಡಬಡನೆ ವಿವರಿಸಿದಳು. ತರಗತಿ, ಉದಾಹರಣೆ, ಇಟ್ಟುಕೊಳ್ಳುವುದಕ್ಕೂ ನಡೆದದ್ದಕ್ಕೂ ಇರುವ ವ್ಯತ್ಯಾಸ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಬರೆಯುತ್ತೇನೆ, ಮುಂದಿನ ಭಾನುವಾರ ಮಕ್ಕಳಿಗೆ ಇದನ್ನೇ ಪಾಠ ಮಾಡುತ್ತೇನೆ ಎಂದಳು. ಈಶ್ವರಮ್ಮ ಕೈಗೆ ಅಂಟಿದ ಹಿಟ್ಟನ್ನು ಉಜ್ಜಿ ತೆಗೆಯುತ್ತ ಎಲ್ಲ ಕೇಳಿದಳು.

"ಫೋನ್‌ನಾಗೆ ಬ್ಯಾಡ ಅಕ್ಕ. ಮಕ್ಕಳ ಮುಂದೆ ಏಳಿದ್ರೆ ಇನ್ನೊಂದು ಕತೆ ಆಯ್ತದೆ. ನಾನು ಕೆಲ್ಸಕ್ಕೆ ಓಗೋ ಮನೆ ಬಾಗ್ಲಾಗೆ ನಿಂತ್ಕೊಂಡು ನೀವೇ ಏಳಿ. ನಾನೂ ಜತೇಲಿ ಬತ್ತೀನಿ." ಮತ್ತೆ ಹಿಟ್ಟಿಗೆ ಕೈ ಹಾಕುತ್ತ ಅಂದಳು, "ನಿಮಗಾದ್ರೆ ಈ ಮನೆ ಬ್ಯಾಡಂದ್ರೆ ಇನ್ನೊಂದು ಮನೆ. ನಂದು ಇದೇ ಊರು. ನಾನೆಲ್ಲಿಗೆ ಓಗ್ಲಿ?"

ಸಂಜೆ ಕೊಟ್ರೇಶ್ ಇದನ್ನೆಲ್ಲ ಕೇಳಿ, ಬಾಗಿಲು ಬಾಗಿಲು ತಿರುಗುವುದು ಯಾವ ಚಂದ ಎಂದ. ಗ್ರೂಪಿಗೊಂದು ಮೆಸೇಜ್ ಹಾಕಿದರೆ ಮುಗೀತು. ಅದೂ ಅಲ್ಲದೆ, ಇದು ಮೇಡಮ್ಮಿನದೇ ತಪ್ಪು ಎಂದಾದರೆ ಆ ತರಗತಿಗೆ ಇನ್ನು ಯಾರು ಮಕ್ಕಳನ್ನು ಕಳಿಸುತ್ತಾರೆ? ಅವನ ಮಾತು ಸುಳ್ಳಲ್ಲ. ಹೇಮಲತಾ ಫೋನ್ ಹಿಡಿದು ಕೂತು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಹೇಗೆ ಶುರು ಮಾಡಿದರೂ ಮಾತು 'ತಪ್ಪು ಗ್ರಹಿಕೆ'ಗೆ ಹೋಗಿ ನಿಲ್ಲುತ್ತಿತ್ತು. ತಪ್ಪು ಗ್ರಹಿಸಿದವರು ಬೇರೆಯವರು, ಗ್ರಹಿಸಲು ಕೊಟ್ಟವಳು ಮಾತ್ರ ಶುದ್ಧ. ಥೂ ಇದೂ ಒಂದು ಬರಹವೇ ಎಂದು ಫೋನನ್ನು ಸೋಫಾದ ಮೇಲೆ ಎಸೆದಳು.

ಅವಳನ್ನು ಕುಟುಕುತ್ತಿದ್ದದ್ದು ಇಷ್ಟೇ ಆಗಿರಲಿಲ್ಲ. ಆ ಉದಾಹರಣೆ ಆಕಾಶದಿಂದ ಉದುರಿರಲಿಲ್ಲ. ಚಳಿಗಾಲದಲ್ಲಿ ಮಗಳು ಸ್ಫೂರ್ತಿಗೆ ಜ್ವರ ಬಂದಾಗ ಸಿರಪ್ ಬಾಟಲಿ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. ಅದೇ ವಾರ ಈಶ್ವರಮ್ಮನ ಮೊಮ್ಮಗುವಿಗೂ ಜ್ವರ. ಈಶ್ವರಮ್ಮ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ ಹೇಮಲತಾ ಅಡುಗೆಮನೆಯ ಬಾಗಿಲಿಗೆ ನೇತು ಹಾಕಿದ್ದ ಅವಳ ಚೀಲವನ್ನು ಹೊರಗಿನಿಂದ ಒತ್ತಿ ನೋಡಿದ್ದಳು. ಗಟ್ಟಿಯಾಗಿ ಕೈಗೆ ಸಿಕ್ಕಿದ್ದು ಊಟದ ಡಬ್ಬಿ. ಮರುದಿನ ಬಾಟಲಿ ಫ್ರಿಜ್ಜಿನ ಹಿಂದೆ ಬಿದ್ದಿತ್ತು. ಅವಳು ಅದನ್ನು ಮರೆತೇಬಿಟ್ಟಿದ್ದಳು, ಅಥವಾ ಮರೆತೆ ಅಂದುಕೊಂಡಿದ್ದಳು. ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಬಾಯಿ ಹೆಸರೊಂದು ಬೇಕಾದಾಗ ಎಲ್ಲಿಗೆ ಹೋಗಿ ಕೈ ಹಾಕಿತು ನೋಡು!

ಮರುದಿನ ಸಂಜೆ ಈಶ್ವರಮ್ಮ ಕೆಲಸದ ಸೀರೆಯಲ್ಲಿ ಬರಲಿಲ್ಲ. ಮದುವೆ ಮನೆಗೆ ಹೊರಟವಳಂತೆ ಅಂಚಿನ ಸೀರೆ ಉಟ್ಟು, ತಲೆ ಬಾಚಿ ಹೂ ಮುಡಿದು ಬಂದಿದ್ದಳು. ಮೊದಲು ವೇಣಿಯ ಮನೆ. ಬಾಗಿಲು ತೆಗೆದ ವೇಣಿ ಇಬ್ಬರನ್ನೂ ಕಂಡು ಒಳಗೆ ಬನ್ನಿ ಎಂದಳು. ಇಲ್ಲೇ ಸಾಕು ಎಂದು ಹೇಮಲತಾ ಹೊಸಿಲಿನ ಆಚೆಯೇ ನಿಂತಳು. ಆಟ ಮುಗಿಸಿ ಬಂದಿದ್ದ ಲಿಖಿತ್ ತಾಯಿಯ ಹಿಂದೆ ಬಂದು ನಿಂತ.

"ನಾನು ಹೇಳಿದ್ದು ಕಟ್ಟಿದ ಕಥೆ ವೇಣಿ. ಈಶ್ವರಮ್ಮ ನಮ್ಮನೇಲಿ ಯಾವತ್ತೂ ಒಂದು ಕಡ್ಡೀನೂ ಮುಟ್ಟಿಲ್ಲ. ಇದನ್ನ ಖಂಡಿತವಾಗಿ ಹೇಳ್ತಿದೀನಿ. ಆವತ್ತೇ ಹೇಳ್ಬೇಕಿತ್ತು."

ವೇಣಿ ಪೆಚ್ಚಾದಳು. ಅಯ್ಯೋ ನಾವೆಲ್ಲಿ ಏನಂದ್ವಿ, ಅಸೋಸಿಯೇಷನ್‌ನವರೇ ಸುಮ್ಮನೆ ದೊಡ್ಡದು ಮಾಡಿದರು, ನಾಳೆಯಿಂದ ಬಂದುಬಿಡಮ್ಮಾ ಎಂದು ಈಶ್ವರಮ್ಮನಿಗೆ ಹೇಳಿದಳು. ಈಶ್ವರಮ್ಮನ ಮುಖದಲ್ಲಿ ಸಣ್ಣದೊಂದು ನಗು ಬಂತು. ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ಹೇಮಲತಾಳೂ ಉಸಿರು ಬಿಟ್ಟಳು.

"ಆಂಟಿ," ಎಂದ ಲಿಖಿತ್, "ಮತ್ತೆ ಅವ್ರ ಹೆಸ್ರೇ ಯಾಕೆ ತಗೊಂಡ್ರಿ? ನಮ್ಮಮ್ಮನ ಹೆಸ್ರು ತಗೋಬಹುದಿತ್ತಲ್ಲ."

ವೇಣಿ ಅವನನ್ನು ಒಳಗೆ ಹೋಗು ಎಂದು ಗದರಿದಳು. ಅವನು ಕುಹಕಕ್ಕೆ ಕೇಳಿರಲಿಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದ. ಈಶ್ವರಮ್ಮ ನಿಮಗೆಲ್ಲ ಪರಿಚಯ ಅಂತ ತಗೊಂಡೆ ಪುಟ್ಟಾ, ಎಂಬ ಉತ್ತರ ಹೇಮಲತಾಳ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು, ಈಶ್ವರಮ್ಮನಿಗೂ. ಅವಳು ಪಕ್ಕದಲ್ಲಿ ನಿಂತಿದ್ದ ಈಶ್ವರಮ್ಮನನ್ನು ನೋಡಿದಳು. ಆ ಹುಡುಗನ ಪ್ರಶ್ನೆಗೆ ಉತ್ತರ ಏನು ಬರುತ್ತದೋ ಎಂದು ಈಶ್ವರಮ್ಮನೂ ಕಾಯುತ್ತಿದ್ದಳು.

"ಒಂದ್ಸಲ ಮನೇಲಿ ಔಷಧಿ ಕಾಣ್ಲಿಲ್ಲ," ಎಂದಳು ಹೇಮಲತಾ. "ಇವರೇ ತಗೊಂಡಿರ್ಬೇಕು ಅನ್ಕೊಂಡೆ. ಇವರು ಆ ಕಡೆ ಹೋದಾಗ ಇವರ ಚೀಲ ಮುಟ್ಟಿ ನೋಡಿದೆ. ಅದು ಫ್ರಿಜ್ ಹಿಂದೆ ಬಿದ್ದಿತ್ತು. ಆ ಅನುಮಾನ ಎಲ್ಲೋ ಉಳ್ಕೊಂಡಿತ್ತು ಲಿಖಿತ್, ಅದಕ್ಕೇ ಆ ಹೆಸರು ಬಂತು."

ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಹೇಮಲತಾ ಎಷ್ಟು ಮಕ್ಕಳಿಗೆ ಹೇಳಿದ್ದಳೋ. ಏನೂ ಹಗುರಾಗಲಿಲ್ಲ. ಯಾರ ಸಲುವಾಗಿ ಹೇಳಿದೆ, ಅವಳ ಸಲುವಾಗಿಯೋ ನನ್ನ ಸಲುವಾಗಿಯೋ ಎಂಬುದೂ ಅವಳಿಗೆ ತಿಳಿಯಲಿಲ್ಲ. ಈಶ್ವರಮ್ಮನ ಮುಖ ನೋಡುವ ಧೈರ್ಯವಾಗದೆ ಅವಳ ಸೀರೆಯ ಅಂಚನ್ನೇ ನೋಡುತ್ತ ನಿಂತಳು. ಆ ಅಂಚು ಅಲುಗಿ, ಮುಂದಕ್ಕೆ ಹೋಯಿತು.

"ಬನ್ನಿ ಮೇಡಂ," ಎಂದಳು ಈಶ್ವರಮ್ಮ. ಇಷ್ಟು ವರ್ಷ ಅವಳ ಬಾಯಲ್ಲಿ ಹೇಮಲತಾ ಅಕ್ಕನೇ ಆಗಿದ್ದಳು. "ಆ ಮನೇಲೂ ಇಷ್ಟೂ ಏಳ್ಬೇಕು."

ಪಕ್ಕದ ಮನೆಯ ಬಾಗಿಲಿಗೆ ಹೋಗಿ ಈಶ್ವರಮ್ಮ ಬೆಲ್ ಒತ್ತಿದಳು. ಒಳಗೆ ಯಾರೋ ಬಂದೆ ಬಂದೆ ಎನ್ನುವುದು ಕೇಳಿಸಿತು. ಅವಳು ಹೆಗಲ ಮೇಲೆ ಸೆರಗು ಸರಿಮಾಡಿಕೊಂಡು, ಗೋಡೆಯ ಪಕ್ಕಕ್ಕೆ ಸರಿದು, ಬಾಗಿಲಿನ ಎದುರು ಹೇಮಲತಾಳೊಬ್ಬಳಿಗೆ ಜಾಗ ಬಿಟ್ಟು ನಿಂತಳು.