ಕುರ್ಚಿ ಎಳೆದ ಸದ್ದು

ಒಂದು ಸದ್ದಿನ ವಿಷಯಕ್ಕೆ ಜನ ಇಷ್ಟು ಕೆಳಗಿಳಿಯಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಸದ್ದಿನ ಜೊತೆಗೇ ನನ್ನ ಕೆಲಸ, ಆದರೂ ಗೊತ್ತಿರಲಿಲ್ಲ.

ನಾನು ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವವಳು. ಗೋಡೆಗೆಲ್ಲ ಸ್ಪಂಜು ಹೊದಿಸಿದ ಸಣ್ಣ ಕೋಣೆಯಲ್ಲಿ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಗಾಜಿನ ಈಚೆಯಿಂದ ಸಣ್ಣ ಪೀಂ ಸದ್ದುಗಳನ್ನು ಕಳಿಸುತ್ತೇನೆ. ಕೇಳಿಸಿದಾಗ ಅವರು ಗುಂಡಿ ಒತ್ತಬೇಕು. ಕೇಳಿಸದಿದ್ದರೂ ಒತ್ತುವವರುಂಟು, ಮರ್ಯಾದೆಯ ಪ್ರಶ್ನೆ ನೋಡಿ. ಅಂಥವರನ್ನು ಹಿಡಿಯಲು ನಡುನಡುವೆ ಏನನ್ನೂ ಕಳಿಸದೆ ಸುಮ್ಮನಿರುತ್ತೇನೆ. ಆಗಲೂ ಒತ್ತುತ್ತಾರೆ.

ನನ್ನ ಅಮ್ಮನೂ ಒತ್ತಿದ್ದಳು. ಅವಳಿಗೆ ದನಿ ಕೇಳುತ್ತದೆ, ಮಾತು ಬಿಡಿಸಿ ತಿಳಿಯುವುದಿಲ್ಲ. ಕಿವಿ ಮಿಷನ್ ಹಾಕಿದರೆ ಗದ್ದಲ ಇನ್ನೂ ಜೋರಾಗುತ್ತದೆ, ಅಷ್ಟೇ. ಹಾಗಾಗಿ ಅವಳು ವಾರವಾರ ಬಿಡದೆ ಕೇಳುತ್ತಿದ್ದ 'ಏಳನೇ ಮಹಡಿ' ಎಂಬ ಧ್ವನಿ ಧಾರಾವಾಹಿ ಅವಳ ಕೈತಪ್ಪಿತು. ಆರೇ ಮಹಡಿಯ ಕಟ್ಟಡದಲ್ಲಿ ಲಿಫ್ಟು ಆಗಾಗ ಏಳನೆಯದಕ್ಕೆ ಹೋಗಿ ನಿಲ್ಲುವ ಕತೆ ಅದು. ಅವಳಿಗಾಗಿ ನಾನು ಪ್ರತಿ ಕಂತನ್ನೂ ಟೈಪ್ ಮಾಡತೊಡಗಿದೆ. ಮಾತು ಮಾತ್ರವಲ್ಲ, ಸದ್ದುಗಳನ್ನೂ ಕಂಸದೊಳಗೆ ಬರೆದೆ. (ಲಿಫ್ಟಿನ ಬಾಗಿಲು ತೆರೆಯುತ್ತದೆ.) (ಯಾರೋ ಕೆಮ್ಮುತ್ತಾರೆ.) ಕಿವಿ ಕೇಳದ ಬೇರೆಯವರಿಗೂ ಆಗಲಿ ಎಂದು ಅದನ್ನು ಧಾರಾವಾಹಿಯ ಅಭಿಮಾನಿಗಳ ಗುಂಪಿನಲ್ಲಿ 'ಟೈಪಿಸ್ಟ್' ಎಂಬ ಹೆಸರಿನಲ್ಲಿ ಹಾಕುತ್ತಿದ್ದೆ.

ಅಮ್ಮ 'ಮೂಲೆಮನೆ' ಎಂಬ ಹೆಸರಿನಲ್ಲಿ ಅದೇ ಗುಂಪಿಗೆ ಸೇರಿಕೊಂಡಳು. ನೆಂಟರ ನಡುವೆ ಗೊಂಬೆಯ ಹಾಗೆ ನಗುತ್ತಾ ಕೂರುವವಳು ಅಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಕೊಡುತ್ತಿದ್ದಳು, ಕಾಲೆಳೆಯುತ್ತಿದ್ದಳು. ಅಲ್ಲಿ ಯಾರೂ "ಕೇಳಿಸ್ತಾ?" ಎನ್ನುತ್ತಿರಲಿಲ್ಲ. ಯಾರೂ ಅವಳಿಗಾಗಿ ಬಾಯಿ ಅಗಲಿಸಿ ಕಿರುಚುತ್ತಿರಲಿಲ್ಲ.

"ನಾನು ನಿನ್ನಮ್ಮ ಅಂತಾಗ್ಲಿ, ನನಗೆ ಕಿವಿ ಕೇಳಲ್ಲ ಅಂತಾಗ್ಲಿ ಅಲ್ಲಿ ಬಾಯಿ ಬಿಟ್ಟೀಯ, ಹುಷಾರ್" ಎಂದು ನನಗೆ ಎಚ್ಚರಿಕೆ ಕೊಟ್ಟಿದ್ದಳು. ಅವಳು ಸಮಸಮವಾಗಿ ಮಾತಾಡಬಹುದಾದ ಜಾಗ ಉಳಿದಿದ್ದದ್ದು ಅದೊಂದೇ.

ಆ ಗುಂಪಿನಲ್ಲೇ 'ಅಪ್ಪಟ' ಇದ್ದ. ತನಗೆ ತಾನೇ ಇಟ್ಟುಕೊಂಡ ಹೆಸರು. ಉಳಿದವರೆಲ್ಲ ಕಲಬೆರಕೆ ಅಭಿಮಾನಿಗಳು, ತಾನೊಬ್ಬ ಮಾತ್ರ ಅಪ್ಪಟ. ಏಳನೇ ಮಹಡಿಯಲ್ಲಿ ವಾಚ್‌ಮನ್‌ನ ಸತ್ತ ಹೆಂಡತಿ ಓಡಾಡುತ್ತಾಳೆ ಎಂಬುದು ಅವನ ಸಿದ್ಧಾಂತ. ಅದರ ಬಗ್ಗೆ ಉದ್ದುದ್ದ ಬರೆಯುತ್ತಿದ್ದ, ಸಾಲು ಸಾಲಾಗಿ ಸಂಭಾಷಣೆ ಉದ್ಧರಿಸುತ್ತಿದ್ದ, ಹಿಂದೆ ಜೈ ಎನ್ನುವ ದಂಡೂ ಇತ್ತು.

ಒಂದು ಕಂತಿನ ಕೊನೆಯಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಒಳಗಿನಿಂದ ಒಂದು ಸದ್ದು ಬರುತ್ತದೆ. ನಾನು ಮತ್ತೆ ಮತ್ತೆ ಕೇಳಿ (ಕುರ್ಚಿ ಎಳೆದ ಸದ್ದು) ಎಂದು ಬರೆದೆ.

"ಅದು ಹೆಜ್ಜೆ ಸಪ್ಪಳ. ತಿದ್ದಿ" ಎಂದು ಅಪ್ಪಟ ಬರೆದ. ಕುರ್ಚಿಯಾದರೆ ಅವನ ಸಿದ್ಧಾಂತ ನೆಲ ಕಚ್ಚುತ್ತಿತ್ತಲ್ಲ.

ಆಗ ನಾನು ಮಾಡಿದ ಕೆಲಸ ವಿಜ್ಞಾನ ಓದಿದವರೇ ಮಾಡಬೇಕು. ಅವನದು ತಕರಾರು ಎಂದು ತಿಳಿದು ಸಾಕ್ಷಿ ಕೊಡಲು ಹೋದೆ. ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಆ ಸದ್ದಿನ ಗ್ರಾಫ್ ತೆಗೆದು ಗುಂಪಿಗೆ ಹಾಕಿದೆ. ಹೆಜ್ಜೆಯಾದರೆ ಬಿಟ್ಟು ಬಿಟ್ಟು ಬರಬೇಕು, ಇದು ಒಂದೇ ಸಮ ಎಳೆದ ಹಾಗಿದೆ ಎಂದು ವಿನಯದಿಂದ ವಿವರಿಸಿದೆ. ಗ್ರಾಫ್ ನಕಲಿ ಎಂದ. ಇನ್ನೊಂದು ಹಾಕಿದೆ. ಅಹಂಕಾರ ಎಂದ. ಅವನ ದಂಡಿನವನೊಬ್ಬ 'ಕಿವುಡಿ' ಎಂದ. ಆ ಮಾತು ಎಲ್ಲರಿಗೂ ರುಚಿಸಿತು. ನಾನು ಏನು ಹಾಕಿದರೂ ಕೆಳಗೆ ಕಿವುಡಿ, ಕಿವುಡಿ, ಕಿವುಡಿ. ಖಾಸಗಿಯಾಗಿ ಬಂದ ಮೆಸೇಜುಗಳನ್ನು ಇಲ್ಲಿ ಬರೆಯುವುದಿಲ್ಲ. ಅವುಗಳಲ್ಲಿ ಹೊಸದೇನೂ ಇರಲಿಲ್ಲ. ಹೆಂಗಸರನ್ನು ಬೈಯುವಾಗಲಾದರೂ ಈ ಮಹಾನುಭಾವರು ಸ್ವಲ್ಪ ತಲೆ ಖರ್ಚು ಮಾಡಬಾರದೆ?

ಗುಂಪು ನಡೆಸುವವನನ್ನು ಎಲ್ಲರೂ 'ಕ್ಯಾಪ್ಟನ್' ಎನ್ನುತ್ತಿದ್ದರು. ಅವನಿಗೆ ದೂರು ಕೊಟ್ಟೆ.

"ಇಬ್ಬರೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಿ ಮೇಡಂ" ಎಂದು ಕೈಮುಗಿದ ಚಿತ್ರ ಕಳಿಸಿದ. ಆಮೇಲೆ ಜಗಳ ಬಗೆಹರಿಸಲು ಮತದಾನ ಇಟ್ಟ: ಕುರ್ಚಿಯೋ, ಹೆಜ್ಜೆಯೋ? ಹೆಜ್ಜೆ ಭಾರೀ ಬಹುಮತದಿಂದ ಗೆದ್ದಿತು. ಹೀಗೇ ಬಿಟ್ಟರೆ ನೀರು ಎಷ್ಟು ಬಿಸಿಗೆ ಕುದಿಯಬೇಕು ಎಂಬುದಕ್ಕೂ ಈ ಕ್ಯಾಪ್ಟನ್ ಚುನಾವಣೆ ನಡೆಸಿಯಾನು.

ಮಾರನೆಯ ದಿನ ಡಾಕ್ಟರು ಕರೆದರು. "ಏನಮ್ಮಾ ಇದು? ಕ್ಲಿನಿಕ್ ಪುಟದಲ್ಲಿ ಯಾರೋ 'ಇಲ್ಲಿ ಕಿವಿ ನೋಡುವವಳಿಗೇ ಕಿವಿ ಇಲ್ಲ' ಅಂತ ಬರ್ದಿದ್ದಾರೆ. ನಮ್ಮ ಪೇಷೆಂಟಾ?"

"ಅಲ್ಲ ಸಾರ್. ಅಭಿಮಾನಿ."

"ನಿಮ್ಮ ಅಭಿಮಾನಿಯಾ?"

"ಲಿಫ್ಟಿನ ಅಭಿಮಾನಿ ಸಾರ್."

"ರಜೆ ಬೇಕಿದ್ರೆ ತಗೊಳ್ಳಿ" ಎಂದರು. ನಾನು ಹಾಕಿದ ಗ್ರಾಫಿನ ಮೂಲೆಯಲ್ಲಿ ಕ್ಲಿನಿಕ್ಕಿನ ಹೆಸರಿತ್ತು. ಅಷ್ಟು ಸಣ್ಣ ಅಕ್ಷರ ಓದಲು ಅಪ್ಪಟನ ದಂಡಿಗೆ ಪುರುಸೊತ್ತಿತ್ತು.

ಅಮ್ಮನ ಕಣ್ಣಿಗೆ ಇದೆಲ್ಲ ಬೀಳುವ ಮೊದಲು ಗುಂಪನ್ನೇ ಅವಳ ಫೋನಿನಿಂದ ತೆಗೆದುಬಿಡೋಣ ಎಂದು ಆ ಸಂಜೆ ಅಡುಗೆಮನೆಯಲ್ಲಿ ಅವಳ ಫೋನು ಕೈಗೆತ್ತಿಕೊಂಡೆ. ಅವಳು ಬಾಗಿಲಲ್ಲೇ ನಿಂತಿದ್ದಳು.

"ನನ್ನ ಫೋನಲ್ಲಿ ನಿಂದೇನೇ ಕೆಲಸ?"

ಅವಳಿಗೆ ತುಟಿ ಕಾಣುವ ಹಾಗೆ ತಿರುಗಿ, "ಆ ಗುಂಪು ಬೇಡ ಅಮ್ಮ, ಬಿಟ್ಬಿಡೋಣ" ಎಂದೆ.

"ಕಿವುಡಿ ಅಂದಿದ್ದಕ್ಕಾ? ಎಲ್ಲಾ ಓದಿದೀನಿ. ಕಿವುಡಿ ನಾನು, ಬೈಸಿಕೊಳ್ಳೋಳು ನೀನು. ನಾನು ಬದುಕಿರೋವಾಗ್ಲೇ ನನ್ನ ಆಸ್ತಿ ನಿನ್ನ ಹೆಸರಿಗೆ ಮಾಡಿಟ್ಟಿದಾರೆ." ಫೋನು ಕಿತ್ತುಕೊಂಡಳು. "ಗುಂಪು ಯಾಕೆ ಬಿಡ್ಬೇಕು? ಅವನನ್ನ ಬ್ಲಾಕ್ ಮಾಡು."

"ಅವನು ಹೇಳೋದೇ ಸರಿ ಇದ್ರೆ? ಉತ್ತರ ಕೊಡದೆ ಬಾಗಿಲು ಹಾಕ್ಕೊಂಡ ಹಾಗಾಗಲ್ವಾ?"

"ಸರಿ ಇದ್ರೆ ತಿದ್ಕೋ. ತಿದ್ಕೊಂಡು ಬ್ಲಾಕ್ ಮಾಡು. ಎರಡಕ್ಕೂ ಏನೇ ಸಂಬಂಧ? ನಿಮ್ಮತ್ತೆ ಬಂದಾಗ ನಾನೇನ್ ಮಾಡ್ತೀನಿ, ನೋಡಿಲ್ವಾ?"

ಅತ್ತೆ ಎಂದರೆ ಅಪ್ಪನ ಅಕ್ಕ, ಬಂದು ಕೂತರೆ ಅಮ್ಮನ ಅಡುಗೆಯಿಂದ ಹಿಡಿದು ನಡಿಗೆಯವರೆಗೆ ತಪ್ಪು ಹುಡುಕುವವರು. ಅಮ್ಮ ಕೂದಲು ಸರಿಮಾಡುವವಳ ಹಾಗೆ ಕೈಯೆತ್ತಿ, ಕಿವಿಯ ಹಿಂದಿನ ಮಿಷನ್ನಿನ ಸ್ವಿಚ್ಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೆ ತಳ್ಳಿ ತೋರಿಸಿದಳು. ಅತ್ತೆ ಬಂದಾಗಲೇ ಈ ಮಿಷನ್ ಯಾಕೆ ಕೆಡುತ್ತದೆ ಎಂದು ನಾನು ಎಷ್ಟು ಸಲ ಅದನ್ನು ಬಿಚ್ಚಿ ಒರೆಸಿದ್ದೇನೋ!

"ಮತ್ತೆ ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸ್ತೀಯಲ್ಲ?"

"ಏನೂ ಕೇಳದೆ ಒತ್ತೋದು ನಿನ್ನ ಸ್ಪಂಜ್ ಕೋಣೇಲೇ ಅಭ್ಯಾಸ ಆಯ್ತಲ್ಲ."

ಅದೇ ವಾರ ಧಾರಾವಾಹಿಯ ತಂಡದವರು ಧ್ವನಿಮುದ್ರಣದ ಕೋಣೆಯ ವಿಡಿಯೋ ಒಂದನ್ನು ಬಿಟ್ಟರು. ಸದ್ದು ಮಾಡುವವರು ಆ ದೃಶ್ಯಕ್ಕಾಗಿ ಹಳೆಯ ಕಬ್ಬಿಣದ ಟ್ರಂಕೊಂದನ್ನು ನೆಲದ ಮೇಲೆ ಎಳೆಯುತ್ತಿದ್ದರು. ಕತೆಯಲ್ಲೂ ಅದು ಟ್ರಂಕೇ ಎಂದರು. ಕುರ್ಚಿಯೂ ಅಲ್ಲ, ಹೆಜ್ಜೆಯೂ ಅಲ್ಲ. ನಾನು ಕೂಡಲೇ (ಟ್ರಂಕು ಎಳೆದ ಸದ್ದು) ಎಂದು ತಿದ್ದಿ, ನನ್ನದು ತಪ್ಪಾಗಿತ್ತು ಎಂದು ಬರೆದೆ.

"ಒಪ್ಪಿಕೊಂಡಳು!" ಎಂದು ಅಪ್ಪಟನ ದಂಡು ಕುಣಿಯಿತು. ತಮ್ಮ ಹೆಜ್ಜೆ ಎಲ್ಲಿ ಹೋಯಿತು ಎಂದು ಒಬ್ಬನಾದರೂ ಕೇಳಿಕೊಳ್ಳಲಿಲ್ಲ. ಸತ್ತ ಹೆಂಡತಿ ಟ್ರಂಕಿನೊಳಗೇ ಇದ್ದಾಳೆ ಎಂದು ಅಪ್ಪಟ ಅರ್ಧ ಗಂಟೆಯೊಳಗೆ ಸಿದ್ಧಾಂತವನ್ನು ರಿಪೇರಿ ಮಾಡಿದ.

ನಾನು ತಿದ್ದಿಕೊಂಡಾಗಿತ್ತು. ಇನ್ನು ಅವರ ಋಣವಿಲ್ಲ ಎಂದುಕೊಂಡು ಅವನನ್ನೂ ಅವನ ದಂಡನ್ನೂ ಒಬ್ಬೊಬ್ಬರಾಗಿ ಬ್ಲಾಕ್ ಮಾಡಿದೆ. ಫ್ರಿಜ್ಜಿನ ಮೋಟಾರು ನಿಂತಾಗಲೇ ಅಲ್ಲವೆ ಅದು ಇಷ್ಟು ಹೊತ್ತು ಗುಂಯ್‌ಗುಡುತ್ತಿತ್ತು ಎಂದು ತಿಳಿಯುವುದು?

ಬ್ಲಾಕ್ ಆದವರು 'ನೊಂದ ಅಭಿಮಾನಿಗಳ ವೇದಿಕೆ' ಕಟ್ಟಿಕೊಂಡರಂತೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಎಲ್ಲ ಇದ್ದರು. ಹೆಂಡತಿ ಟ್ರಂಕಿನಲ್ಲಿ ಕೂತಿದ್ದಾಳೋ ಮಲಗಿದ್ದಾಳೋ ಎಂಬ ಪ್ರಶ್ನೆ ಎದ್ದು, ಅಧ್ಯಕ್ಷನೂ ಕಾರ್ಯದರ್ಶಿಯೂ ಪರಸ್ಪರ ಬ್ಲಾಕ್ ಮಾಡಿಕೊಂಡರೆಂದು ಅಮ್ಮ ನಗುತ್ತಾ ವರದಿ ಒಪ್ಪಿಸಿದಳು.

ಒಂದು ಭಾನುವಾರ ಅವಳು ನಗದೆ ಬಂದು ಫೋನನ್ನು ನನ್ನ ಮುಂದೆ ಹಿಡಿದಳು. ಮೂಲೆಮನೆಗೆ ಅಪ್ಪಟನ ಮೆಸೇಜು ಬಂದಿತ್ತು.

"ನಮಸ್ಕಾರ ಮೇಡಂ. ತಾವು ಹಿರಿಯರು, ಸಜ್ಜನರು. ಆ ಟೈಪಿಸ್ಟ್ ನನ್ನನ್ನು ಬ್ಲಾಕ್ ಮಾಡಿರುವುದರಿಂದ ಅವಳು ಹಾಕುವ ಬರಹ ನನಗೆ ಕಾಣುತ್ತಿಲ್ಲ. ದಯವಿಟ್ಟು ಪ್ರತಿ ವಾರ ಕಳಿಸಿಕೊಡಿ. ಕಂತು ಕೇಳುತ್ತಾ ಕೂರಲು ನನಗೆಲ್ಲಿ ಸಮಯ? ಮೊದಲಿನಿಂದಲೂ ಓದಿಯೇ ರೂಢಿ."

ನಾನು ಎರಡು ಸಲ ಓದಿದೆ. ಅವನು ಆ ಸದ್ದನ್ನು ಕೇಳಿಯೇ ಇರಲಿಲ್ಲ. ಯಾವ ಕಂತನ್ನೂ ಕೇಳಿರಲಿಲ್ಲ. ನಾನು ಟೈಪ್ ಮಾಡಿದ್ದನ್ನೇ ಓದಿ, ಅದರಿಂದಲೇ ಸಾಲು ಕಿತ್ತು, ನನ್ನನ್ನೇ ಕಿವುಡಿ ಎನ್ನಿಸಿದ್ದ. ನನ್ನ ಕೋಣೆಯಲ್ಲಿ ಖಾಲಿ ಹೆಡ್‌ಫೋನಿಗೆ ಗುಂಡಿ ಒತ್ತುವವರಿಗಾದರೂ ಒಂದಿಷ್ಟು ನಾಚಿಕೆ ಇರುತ್ತದೆ.

"ಬ್ಲಾಕ್ ಮಾಡಿ ಬಿಸಾಕು ಅಮ್ಮ."

"ಮಾಡ್ತೀನಿ. ಮೊದಲು ಉತ್ತರ."

ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕೂತಳು. ಅವನಿಗಲ್ಲ, ಇಡೀ ಗುಂಪಿಗೇ ಬರೆಯುತ್ತಿದ್ದಾಳೆ ಎಂದು ಕಂಡಾಗ ನಾನು ಅವಳ ಕೈ ಹಿಡಿದೆ. "ಎಲ್ಲರಿಗೂ ಗೊತ್ತಾಗತ್ತೆ. ಆಮೇಲೆ ಅಲ್ಲೂ ನಿನ್ನ ಜೊತೆ ಕಿರುಚಿಕೊಂಡೇ ಮಾತಾಡ್ತಾರೆ."

"ಕಿರುಚ್ಲಿ. ಅದೂ ಕೇಳಲ್ಲ." ಕೈ ಬಿಡಿಸಿಕೊಂಡಳು.

ಅವಳು ಅವನ ಮೆಸೇಜನ್ನು ಇದ್ದ ಹಾಗೇ ಹಾಕಿ ಕೆಳಗೆ ಬರೆದಳು: "ಅಪ್ಪಟ ಅವರೇ, ಈ ಬರಹ ಕಿವಿ ಕೇಳದವರಿಗಾಗಿ ಮಾಡಿದ್ದು. ನನಗೆ ಕಿವಿ ಕೇಳುವುದಿಲ್ಲ. ನೀವೆಲ್ಲ ಹುಡುಕುತ್ತಿದ್ದ ಕಿವುಡಿ ನಾನೇ. ಟೈಪ್ ಮಾಡುವವಳು ನನ್ನ ಮಗಳು. ನಿಮಗೆ ಎರಡು ಕಿವಿ ಇವೆಯಲ್ಲ, ಒಂದು ಸಲವಾದರೂ ಉಪಯೋಗಿಸಿ ನೋಡಿ."

ಕಳಿಸಿ, ಅವನನ್ನು ಬ್ಲಾಕ್ ಮಾಡಿ, ಫೋನನ್ನು ಮಗುಚಿಟ್ಟಳು. ಸ್ವಲ್ಪ ಹೊತ್ತಿಗೆ ನಾನೇ ಎತ್ತಿ ನೋಡಿದೆ. ಇಬ್ಬರೂ ಅಡ್ಜಸ್ಟ್ ಮಾಡಿಕೊಳ್ಳಿ ಎಂದು ಕ್ಯಾಪ್ಟನ್ ಕೈಮುಗಿದಿದ್ದ. ಒಬ್ಬಳು ಅಳುವ ಮುಖಗಳನ್ನು ಸಾಲಾಗಿ ಜೋಡಿಸಿ "ಅಯ್ಯೋ ಪಾಪ ಅಮ್ಮಾ" ಎಂದಿದ್ದಳು. ಅಮ್ಮನಿಗೆ ತೋರಿಸಿದೆ.

"ಶುರುವಾಯ್ತು" ಎಂದಳು. ಮುಖ ಸಣ್ಣದಾಯಿತು.

ಅಷ್ಟರಲ್ಲಿ ಅವಳ ಜೊತೆ ದಿನಾ ಕಿತ್ತಾಡುವ 'ಲಿಫ್ಟ್‌ಮ್ಯಾನ್' ಬರೆದ: "ಕಿವಿ ವಿಷಯ ಹಾಗಿರಲಿ ಮೂಲೆಮನೆ, ಟ್ರಂಕಿನಲ್ಲಿ ಬಟ್ಟೆ ಇದೆ ಅಂದಿರಲ್ಲ ಮೊನ್ನೆ, ಅದಂತೂ ಶುದ್ಧ ತಲೆಹರಟೆ."

ಅಮ್ಮ ಅದನ್ನು ಓದಿ, ಕಿವಿ ಮಿಷನ್ ತೆಗೆದು ಮೇಜಿನ ಮೇಲಿಟ್ಟು, "ಇವನಿಗೆ ಮಾಡ್ತೀನಿ ಇರು" ಎನ್ನುತ್ತಾ ಎರಡೂ ಕೈಯಲ್ಲಿ ಟೈಪ್ ಮಾಡತೊಡಗಿದಳು.